ಸಿಪಿಯು ಡಬ್ಬಿಯೊಳಗಿನ ಧೂಳು

ನಮ್ಮಲ್ಲಿ ‘ಸಿಪಿಯು’ ಅಂದರೆ ಇಡೀ ಡಬ್ಬಿ. ಅಸಲಿಗೆ ಸಿಪಿಯು ಅನ್ನೋದು ಒಳಗಿರುವ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚಿಪ್ಪು ಎಂದು ತಿದ್ದುವ ಉಮೇದು ಯಾರಿಗೂ ಈಗ ಉಳಿದಿಲ್ಲ, ಇಲ್ಲಿಯೂ ಅದು ಬೇಡ. ಆ ಡಬ್ಬಿಯ ಪಕ್ಕದ ತಗಡನ್ನು ಮೂರು ವರ್ಷದ ಮೇಲೆ ಮೊದಲ ಸಲ ಬಿಚ್ಚಿದಾಗ ಏನು ಕಾಣುತ್ತದೆ? ತಳದಲ್ಲಿ ಮುದುರಿ ಕೂತ ಬೂದು ಉಂಡೆಗಳು, ಎಲ್ಲ ಭಾಗಗಳೂ ಕೂತ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಮೇಲೆ ಹಿಟ್ಟು ಚಿಮುಕಿಸಿದಂಥ ತೆಳು ಪದರ, ವೈರುಗಳ ನಡುವೆ ಜೇಡರ ಬಲೆ. ಎಲ್ಲರ ಕೈ ಮೊದಲು ಹೋಗುವುದು ಅಲ್ಲಿಗೇ. ಆದರೆ ಅಲ್ಲಿ ಕಂಡ ಧೂಳಿನಿಂದ ಕಂಪ್ಯೂಟರಿಗೆ ದೊಡ್ಡ ತೊಂದರೆಯೇನೂ ಆಗುತ್ತಿರಲಿಲ್ಲ. ತೊಂದರೆ ಕೊಡುವ ಧೂಳು ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಅದು ಪ್ರೊಸೆಸರಿನ, ಅಂದರೆ ಆ ಅಸಲಿ ಸಿಪಿಯು ಚಿಪ್ಪಿನ, ಫ್ಯಾನಿನ ಅಡಿಯಲ್ಲಿ, ಚಿಪ್ಪಿನ ಬಿಸಿ ಹೀರಿ ಗಾಳಿಗೆ ಬಿಡುವ ಹೀಟ್‌ಸಿಂಕಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಕೂತಿರುತ್ತದೆ.

ಆ ಸಂದಿಗಳ ಅಗಲ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮಿಲಿಮೀಟರು. ಲ್ಯಾಪ್‌ಟಾಪಿನಲ್ಲಿ ಇನ್ನೂ ಕಡಿಮೆ, ಸುಮಾರು ಒಂದು ಮಿಲಿಮೀಟರು. ಒಂದು ಬಟ್ಟೆಯ ಎಳೆ ಅಥವಾ ತಲೆಗೂದಲು ಹಾರಿ ಬಂದು ಎರಡು ರೆಕ್ಕೆಗಳಿಗೆ ಅಡ್ಡ ಬೀಳುತ್ತದೆ. ಸೇತುವೆ ಕಟ್ಟಿದ ಹಾಗೆ. ಮುಂದೆ ಬಂದ ಎಳೆ ಅದಕ್ಕೆ ತೊಡರಿಕೊಳ್ಳುತ್ತದೆ, ಅದರ ಮೇಲೆ ಸಣ್ಣ ಪುಡಿ ಕೂರುತ್ತದೆ. ದಿನ ಕಳೆದಂತೆ ಅದು ಕಂಬಳಿಯ ತುಂಡಿನಂತೆ ಹೆಣೆದುಕೊಂಡು ಗಾಳಿಗೆ ಪೂರ್ತಿ ಅಡ್ಡ ನಿಲ್ಲುತ್ತದೆ. ಫ್ಯಾನು ತಿರುಗುತ್ತಿರುತ್ತದೆ, ಸದ್ದೂ ಜೋರಾಗಿರುತ್ತದೆ, ಗಾಳಿ ಮಾತ್ರ ರೆಕ್ಕೆಗಳನ್ನು ಮುಟ್ಟುವುದಿಲ್ಲ.

ಆಮೇಲೆ ಪ್ರೊಸೆಸರು ತನ್ನನ್ನು ತಾನೇ ಕಾಪಾಡಿಕೊಳ್ಳಲು ನೋಡುತ್ತದೆ. ಇಂಟೆಲ್‌ನ ಹೆಚ್ಚಿನ ಚಿಪ್ಪುಗಳಿಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜನ್ 7000 ಸಾಲಿನ ಹಲವಕ್ಕೆ 95 ಡಿಗ್ರಿ ಗಡಿ. ಅಷ್ಟು ಮುಟ್ಟಿದರೆ ವೇಗ ತಗ್ಗಿಸಿಕೊಳ್ಳುತ್ತದೆ. ಕೂತವರಿಗೆ ಕಾಣುವುದು ಇಷ್ಟೇ: ‘ಯಾಕೋ ಸ್ಲೋ ಆಗಿದೆ.’ ಆಗ ವಿಂಡೋಸ್ ಫಾರ್ಮ್ಯಾಟ್ ಆಗುತ್ತದೆ, ಹೊಸ ಆಂಟಿವೈರಸ್ ಬರುತ್ತದೆ, ಕೆಲವೊಮ್ಮೆ ಹೊಸ ಕಂಪ್ಯೂಟರೇ ಬರುತ್ತದೆ. ಹಳೆಯದರಲ್ಲಿ ಬೇಕಿದ್ದದ್ದು ಒಂದು ಚಿಟಿಕೆ ಧೂಳು ತೆಗೆಯುವ ಕೆಲಸ.

ಹಾಗಾಗಿ ಕಂಪ್ಯೂಟರ್ ಸ್ವಚ್ಛಮಾಡುವುದಕ್ಕೂ ಹಿತ್ತಾಳೆ ಪಾತ್ರೆ ತೊಳೆಯುವುದಕ್ಕೂ ಸಂಬಂಧವಿಲ್ಲ. ಫಳಫಳ ಹೊಳೆಯಲೇಬೇಕೆಂಬ ಹಟ ಹಿಡಿದವರು ಮದರ್‌ಬೋರ್ಡಿನ ಮೂಲೆ ಮೂಲೆ ಉಜ್ಜಿ ಕಾಳಿಗಿಂತ ಚಿಕ್ಕ ಬಿಡಿಭಾಗವೊಂದನ್ನು ಕಿತ್ತುಹಾಕುತ್ತಾರೆ. ಗಾಳಿ ಹೋಗಿ ಬರುವ ದಾರಿ ಬಿಡಿಸುವುದಷ್ಟೇ ಕೆಲಸ. ಆ ದಾರಿಗೆ ಅಡ್ಡವಿಲ್ಲದ ಧೂಳಿನ ಪದರವನ್ನು ಒಂದು ಸಲ ಊದಿ, ಹೋಗದಿದ್ದರೆ ಬಿಟ್ಟುಬಿಡುವುದೂ ಜಾಣತನವೇ.

ಬಿಚ್ಚಿದ ಕೂಡಲೇ ಬ್ಲೋವರಿಗೆ ಕೈ ಹಾಕುವ ಮೊದಲು ಒಂದು ಚಿಟಿಕೆ ಧೂಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಇದಕ್ಕೆ ಹತ್ತು ಸೆಕೆಂಡು ಸಾಕು, ಮುಂದಿನ ಅರ್ಧ ತಾಸಿನ ಕೆಲಸ ಹೇಗಿರಬೇಕೆಂದು ಇದೇ ಹೇಳುತ್ತದೆ. ಹತ್ತಿಯಂತೆ ಉರುಟಾಗಿ ಬತ್ತಿಯಾದರೆ ಅದು ಬಟ್ಟೆ, ಹಾಸಿಗೆ, ಕೂದಲಿನ ಎಳೆ. ಮಲಗುವ ಕೋಣೆಯ ಕಂಪ್ಯೂಟರಿನಲ್ಲಿ ಇದೇ ಹೆಚ್ಚು. ರಬಕವಿ-ಬನಹಟ್ಟಿ, ಇಳಕಲ್ಲು, ದೊಡ್ಡಬಳ್ಳಾಪುರದಂಥ ಮಗ್ಗದ ಊರುಗಳಲ್ಲಿ ಕೇಳುವುದೇ ಬೇಡ. ಇದಕ್ಕೆ ಗಾಳಿ ಊದಿದರೆ ಸಾಕು. ಮರಳಿನಂತೆ ಗರಗರ ಎಂದರೆ ಮಣ್ಣು. ಕರಾವಳಿಯ ಕೆಮ್ಮಣ್ಣು, ಸಂಡೂರು-ಹೊಸಪೇಟೆ ಕಡೆಯ ಅದಿರಿನ ಕೆಂಪು ಪುಡಿ ಈ ಜಾತಿ. ಭಾರ ಹೆಚ್ಚು, ನೆಲದ ಹತ್ತಿರವೇ ತೇಲುತ್ತದೆ, ಫ್ಯಾನಿನ ಬೇರಿಂಗಿಗೆ ಇಳಿದರೆ ಅರೆಯುತ್ತದೆ. ಇದನ್ನು ಬಟ್ಟೆಯಿಂದ ಒರೆಸಲೇಬಾರದು, ಗೀರು ಬೀಳುತ್ತದೆ. ಊದಿಯೇ ತೆಗೆಯಬೇಕು. ಬೆರಳಿಗೆ ಅಂಟಿಕೊಂಡು ಕಪ್ಪು ಜಿಡ್ಡಾಗಿ ಎಳೆದರೆ ಒಗ್ಗರಣೆಯ ಹೊಗೆ, ಅಗರಬತ್ತಿ, ಸೊಳ್ಳೆ ಬತ್ತಿಯ ಹೊಗೆ, ಸಿಗರೇಟು. ಎಣ್ಣೆ ಮೊದಲು ಅಂಟಿ, ಅದರ ಮೇಲೆ ಧೂಳು ಕೂತಿರುತ್ತದೆ. ಇದರ ಮೇಲೆ ಎಷ್ಟು ಊದಿದರೂ ಕದಲುವುದಿಲ್ಲ. ಬ್ರಷ್ಷೂ ಬೇಕು, ಆಲ್ಕೋಹಾಲೂ ಬೇಕು. ಅಡುಗೆಮನೆಗೆ ಹೊಂದಿದ ಹಾಲಿನಲ್ಲಿ ಕಂಪ್ಯೂಟರ್ ಇಟ್ಟವರಿಗೆ ಈ ಕಷ್ಟ ಕಟ್ಟಿಟ್ಟದ್ದು.

ನಾಲ್ಕನೆಯ ಬಗೆಯೊಂದಿದೆ, ಅದು ಬೆರಳಿಗೆ ಸಿಗುವುದಿಲ್ಲ: ಉಪ್ಪು. ಕಡಲ ತೀರದ ಊರುಗಳಲ್ಲಿ ಗಾಳಿಯ ಜೊತೆ ಬಂದ ಉಪ್ಪು ಧೂಳಿನಲ್ಲಿ ಸೇರಿಕೊಂಡಿರುತ್ತದೆ. ಗಾಳಿಯ ತೇವಾಂಶ ಸುಮಾರು 75 ಪ್ರತಿಶತ ದಾಟಿತೆಂದರೆ ಅಡುಗೆ ಉಪ್ಪು ಗಾಳಿಯಲ್ಲಿನ ನೀರನ್ನೇ ಹೀರಿ ಕರಗತೊಡಗುತ್ತದೆ. ಜೂನ್ ತಿಂಗಳಲ್ಲಿ ಉಪ್ಪಿನ ಡಬ್ಬಿ ನೀರು ಬಿಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮದರ್‌ಬೋರ್ಡಿನ ಮೇಲೂ ಅದೇ ನಡೆಯುತ್ತದೆ. ಒಣಗಿದ್ದಾಗ ಧೂಳು ಕರೆಂಟು ಹರಿಯಗೊಡುವುದಿಲ್ಲ. ಉಪ್ಪು ಕರಗಿ ಒದ್ದೆಯಾದರೆ ಚಿಪ್ಪಿನ ಕೂದಲೆಳೆ ಅಂತರದ ಎರಡು ಕಾಲುಗಳ ನಡುವೆ ಸೋರಿಕೆ ಶುರುವಾಗುತ್ತದೆ, ತಾಮ್ರ ಹಸಿರಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದವರು ಧೂಳು ತೆಗೆಯುವ ಕೆಲಸವನ್ನು ಏಪ್ರಿಲ್-ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ಮುಗಿಸುವುದು ಲೇಸು. ಮಳೆಗಾಲದಲ್ಲಿ ಕಂಪ್ಯೂಟರನ್ನು ತಿಂಗಳುಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಾ ಒಂದು ಗಂಟೆ ಓಡಿಸುವುದು ಒಳ್ಳೆಯದು. ಒಳಗಿನ ಬಿಸಿಯೇ ತೇವವನ್ನು ದೂರ ಇಡುತ್ತದೆ.

ಸಾಮಾನು ಹೆಚ್ಚೇನೂ ಬೇಡ. ತುದಿ ಒಳ್ಳೆಯದಿರುವ ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದಿಂಚಿನ ಮೆತ್ತನೆ ಪೇಂಟ್ ಬ್ರಷ್ (ಹೊಸದು, ಬಣ್ಣ ಮುಟ್ಟದ್ದು), ಹಳೆಯ ಮೃದು ಹಲ್ಲುಜ್ಜುವ ಬ್ರಷ್, ಕೆಲವು ಇಯರ್ ಬಡ್, ಒಂದೆರಡು ತೆಂಗಿನ ಗರಿಯ ಕಡ್ಡಿ, ಮೂಗಿಗೆ ಎನ್-95 ಮಾಸ್ಕ್. ಮಾಸ್ಕನ್ನು ಹಾಸ್ಯ ಮಾಡುವವರು ಒಮ್ಮೆ ಮೂರು ವರ್ಷದ ಧೂಳನ್ನು ಮುಖದ ಮುಂದೆ ಊದಿಕೊಂಡು ನೋಡಲಿ. ಅದರಲ್ಲಿ ಹಲ್ಲಿಯ ಹಿಕ್ಕೆ, ಬೂಸ್ಟು, ಜಿರಳೆಯ ರೆಕ್ಕೆ ಎಲ್ಲವೂ ಇರುತ್ತವೆ.

ಗಾಳಿಗೆ ನಮ್ಮಲ್ಲಿ ಬಳಕೆಯಲ್ಲಿರುವುದು 500-600 ವಾಟಿನ ಕೈ ಬ್ಲೋವರ್. ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಂತೂ ರಾಶಿ. ವೇಗ ಹೆಚ್ಚು ಕಡಿಮೆ ಮಾಡುವ ಚಕ್ರ ಇರುವುದನ್ನೇ ಕೊಳ್ಳಿ. ಮೊದಲು ಅದನ್ನು ಅಂಗಳದತ್ತ ಹಿಡಿದು ಹತ್ತು ಸೆಕೆಂಡು ಓಡಿಸಬೇಕು. ಹಿಂದಿನ ಸಲ ಎಳೆದುಕೊಂಡ ಮರದ ಹೊಟ್ಟೋ ಮಣ್ಣೋ ಒಳಗಿದ್ದರೆ ಅಲ್ಲೇ ಹೋಗಲಿ. ಬೋರ್ಡಿನ ಮೇಲೆ ಒಂದು ಗೇಣು ದೂರದಿಂದ ಕಡಿಮೆ ವೇಗ, ಹೀಟ್‌ಸಿಂಕಿಗೆ ಅರ್ಧ ಗೇಣು ಹತ್ತಿರದಿಂದ ಜೋರು. ಮೂತಿಯನ್ನು ಯಾವುದಕ್ಕೂ ತಾಗಿಸಬೇಡಿ, ಎರಡು ಮೂರು ಸೆಕೆಂಡಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ ಊದಿ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ. ಟ್ಯಾಂಕಿನ ಒತ್ತಡ 100 ಪಿಎಸ್‌ಐ ದಾಟಿರುತ್ತದೆ, ಅದು ಸಣ್ಣ ಕೇಬಲ್ಲುಗಳನ್ನು ಕಿತ್ತೆಸೆಯಬಲ್ಲದು. ಅದಕ್ಕಿಂತ ಕೆಟ್ಟದ್ದು ಆ ಗಾಳಿಯ ಜೊತೆ ಬರುವ ನೀರು ಮತ್ತು ಎಣ್ಣೆಯ ತುಂತುರು. ಬಿಳಿ ಕಾಗದವೊಂದನ್ನು ಮೂತಿಯ ಮುಂದೆ ಹಿಡಿದು ನೋಡಿದರೆ ಕಲೆ ಕಾಣುತ್ತದೆ. ಡಬ್ಬಿಯಲ್ಲಿ ಸಿಗುವ ಒತ್ತಿದ ಗಾಳಿ ವಿದೇಶದ ವಿಡಿಯೋಗಳಲ್ಲಿ ಕಾಣುವಷ್ಟು ನಮ್ಮಲ್ಲಿ ಅಗ್ಗವಲ್ಲ. ಇದ್ದವರು ಡಬ್ಬಿಯನ್ನು ನೆಟ್ಟಗೆ ಹಿಡಿಯಬೇಕು. ಅದರಲ್ಲಿರುವುದು ನಿಜಕ್ಕೂ ಗಾಳಿಯಲ್ಲ, ಒತ್ತಡದಲ್ಲಿ ದ್ರವವಾಗಿರುವ ಅನಿಲ. ಓರೆ ಮಾಡಿದರೆ ದ್ರವವೇ ಚಿಮ್ಮಿ ಬಿದ್ದ ಜಾಗ ಮಂಜುಗಟ್ಟುತ್ತದೆ. ಹಲವು ಡಬ್ಬಿಗಳಲ್ಲಿರುವ ಅನಿಲಕ್ಕೆ ಬೆಂಕಿಯೂ ಹತ್ತುತ್ತದೆ, ದೇವರ ದೀಪ ಉರಿಯುವ ಕೋಣೆಯಲ್ಲಿ ಬಳಸಬೇಡಿ.

ಮನೆಯ ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಕೊಳವೆಯೊಳಗೆ ಧೂಳು ರಭಸದಿಂದ ಉಜ್ಜುತ್ತಾ ಹೋಗುವಾಗ ಕೊಳವೆಯ ಮೂತಿಯಲ್ಲಿ ಸ್ಥಿರವಿದ್ಯುತ್ತು ತುಂಬಿಕೊಳ್ಳುತ್ತದೆ. ಅದೇ ಮೂತಿಯನ್ನು ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ್‍ಯಾಮಿನ ಪಕ್ಕ ತಂದರೆ ಕಣ್ಣಿಗೆ ಕಾಣದ ಸಣ್ಣ ಮಿಂಚು. ಬ್ರಷ್ಷಿನಿಂದ ಎಬ್ಬಿಸಿದ ಧೂಳು ಕೋಣೆ ತುಂಬದಂತೆ ಅರ್ಧ ಅಡಿ ಆಚೆ ಹಿಡಿದುಕೊಳ್ಳಲು ಅದು ಸರಿ, ಬೋರ್ಡಿಗೆ ತಾಗಿಸಲು ಅಲ್ಲ.

ದ್ರವ ಬೇಕಾದಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಐಪಿಎ ಎಂದು ಕೇಳಿದರೆ ಮೊಬೈಲ್ ರಿಪೇರಿ ಸಾಮಾನು ಮಾರುವವರು ಕೊಡುತ್ತಾರೆ. 99 ಪ್ರತಿಶತದ್ದೇ ಆಗಬೇಕು. 70 ಪ್ರತಿಶತದ್ದು ಗಾಯಕ್ಕೆ ಒಳ್ಳೆಯದು, ಅದರಲ್ಲಿ ಉಳಿದ 30 ನೀರು. ಕೋವಿಡ್ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಬಾಟಲಿ ಮೇಜಿನ ಮೇಲಿದೆ ಎಂದು ಅದನ್ನು ಸುರಿಯುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ ಕೈ ದ್ರಾವಣದಲ್ಲೇ 1.45 ಪ್ರತಿಶತ ಗ್ಲಿಸರಾಲ್ ಇದೆ, ಕೈ ಚರ್ಮ ಒಣಗದಿರಲಿ ಎಂದು. ಆಲ್ಕೋಹಾಲ್ ಆರಿದ ಮೇಲೂ ಅದು ಅಂಟಾಗಿ ಉಳಿದು ಮುಂದಿನ ಧೂಳಿಗೆ ಮಣೆ ಹಾಕುತ್ತದೆ. ಡಬ್ಲ್ಯುಡಿ-40ಯೂ ಹಾಗೆಯೇ ಎಣ್ಣೆಯ ಪದರ ಬಿಡುತ್ತದೆ, ಅದು ಗೇಟಿನ ಕೀಲಿಗೆ ಇರಲಿ.

ಈಗ ಕರೆಂಟಿನ ವಿಷಯ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಕೇಬಲನ್ನು ಡಬ್ಬಿಯ ಹಿಂದಿನಿಂದ ಎಳೆದುಬಿಡಿ. ಯುಪಿಎಸ್ ಇದ್ದರೆ ಬರೀ ಗೋಡೆಯ ಸ್ವಿಚ್ ಆರಿಸಿ ಸುಮ್ಮನಾಗಬಾರದು, ಅದು ಬ್ಯಾಟರಿಯಿಂದ ಕೊಡುತ್ತಲೇ ಇರುತ್ತದೆ. ಮಾನಿಟರ್, ಸ್ಪೀಕರ್, ನೆಟ್‌ವರ್ಕ್ ಎಲ್ಲ ಕೇಬಲನ್ನೂ ತೆಗೆಯಿರಿ. ಆಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಉಳಿದ ಚಾರ್ಜು ಖಾಲಿಯಾಗುತ್ತದೆ. ಮದರ್‌ಬೋರ್ಡಿನ ಮೇಲಿನ ಪುಟ್ಟ ದೀಪ ಆರುವುದನ್ನು ನೋಡಿಯೇ ಕೈ ಹಾಕಿ.

ಕೆಲವರ ಮನೆಯಲ್ಲಿ ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ‘ಜುಮ್’ ಎನ್ನುತ್ತದೆ. ಧೂಳಿನಿಂದ ಎಂದು ಸರ್ವಿಸಿಗೆ ಕೊಟ್ಟವರೂ ಇದ್ದಾರೆ. ಧೂಳಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿಕೊಡುವ ಪೆಟ್ಟಿಗೆ) ಒಳಗೆ ವಿದ್ಯುತ್ ಗದ್ದಲವನ್ನು ನೆಲಕ್ಕಿಳಿಸಲೆಂದು ಚಾರ್ಜು ಹಿಡಿದಿಡುವ ಎರಡು ಪುಟ್ಟ ಕೆಪ್ಯಾಸಿಟರ್‌ಗಳಿರುತ್ತವೆ, ಒಂದು ಫೇಸಿನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲಿನಿಂದ ತಗಡಿಗೆ. ಮನೆಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ತಗಡು ಇವೆರಡರ ನಡುವೆ ತೂಗಾಡುತ್ತಾ 230ರ ಅರ್ಧ, ಅಂದರೆ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಹರಿಯುವ ಕರೆಂಟು ತೀರ ಕಡಿಮೆಯಾದ್ದರಿಂದ ಜುಮ್ ಅಷ್ಟೇ. ಆದರೆ ಅದು ಅರ್ಥಿಂಗ್ ಇಲ್ಲ ಎನ್ನುವ ಸುದ್ದಿ. ಎಲೆಕ್ಟ್ರಿಷಿಯನ್ನನ್ನು ಕರೆಸುವ ಕೆಲಸ.

ಸ್ಥಿರವಿದ್ಯುತ್ತಿನ ವಿಷಯದಲ್ಲಿ ಎರಡು ಅತಿಗಳಿವೆ. ಒಬ್ಬರು ಸ್ಥಿರವಿದ್ಯುತ್ತನ್ನು ನೆಲಕ್ಕಿಳಿಸುವ ಪಟ್ಟಿಯನ್ನು ಕೈಗೆ ಕಟ್ಟದೆ ಮುಟ್ಟಿದರೆ ಸುಟ್ಟೇಹೋಗುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ ಎನ್ನುತ್ತಾರೆ. ಮನುಷ್ಯನ ಬೆರಳಿಗೆ ಚುರುಕ್ ಎಂದು ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ಪಿಗೆ ಪೆಟ್ಟಾಗಲು ಕೆಲವು ನೂರು ವೋಲ್ಟ್ ಸಾಕು. ಆದ್ದರಿಂದ ‘ಏನೂ ಅನ್ನಿಸಲಿಲ್ಲ’ ಎನ್ನುವುದು ಪುರಾವೆಯಲ್ಲ. ಮಲೆನಾಡಿನ ಮಳೆಗಾಲದಲ್ಲಿ ಈ ಅಪಾಯ ಕಡಿಮೆ. ಫೆಬ್ರುವರಿ-ಮಾರ್ಚಿನ ಒಣ ಹವೆಯಲ್ಲಿ ವಿಜಯಪುರ, ಕಲಬುರಗಿ, ಬೀದರದಲ್ಲಿ, ಅಥವಾ ಎಲ್ಲೇ ಆಗಲಿ ಏಸಿ ಕೋಣೆಯಲ್ಲಿ, ಹೆಚ್ಚು. ಮಾಡಬೇಕಾದದ್ದು ಸರಳ. ಬೋರ್ಡು ಮುಟ್ಟುವ ಮೊದಲು, ಎದ್ದು ಹೋಗಿ ಬಂದಾಗಲೆಲ್ಲ ಕ್ಯಾಬಿನೆಟ್ಟಿನ ಬಣ್ಣ ಬಳಿಯದ ತಗಡನ್ನು ಮುಟ್ಟಿ. ನೀವೂ ಡಬ್ಬಿಯೂ ಒಂದೇ ವೋಲ್ಟಿನಲ್ಲಿದ್ದರೆ ಇಬ್ಬರ ನಡುವೆ ಜಗಳವಿಲ್ಲ. ಹತ್ತಿ ಬಟ್ಟೆ ತೊಟ್ಟು, ಬರಿಗಾಲಲ್ಲಿ ಸಿಮೆಂಟು ಅಥವಾ ಕಾವಿ ನೆಲದ ಮೇಲೆ ಕೂತು ಮಾಡಿ. ಮನೆಯೊಳಗೆ ಚಪ್ಪಲಿ ಬಿಡುವ ನಮ್ಮ ಅಭ್ಯಾಸ ಇಲ್ಲಿ ಉಪಕಾರಕ್ಕೆ ಬರುತ್ತದೆ. ಪಾಲಿಯೆಸ್ಟರ್ ಬೆಡ್‌ಶೀಟ್ ಹಾಸಿದ ಮಂಚದ ಮೇಲೆ ಮಾತ್ರ ಬೇಡ.

ಡಬ್ಬಿಯನ್ನು ಜಗಲಿಗೋ ಬಾಲ್ಕನಿಗೋ ಒಯ್ದು, ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬರುವಂತೆ ಕೂರಿ. ಯಾವುದನ್ನೂ ಕೀಳುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ. ಮುಖ್ಯವಾಗಿ ಮದರ್‌ಬೋರ್ಡಿನ ಕೆಳ ಮೂಲೆಯಲ್ಲಿ ಪವರ್ ಬಟನ್ನಿನ ತೆಳು ವೈರುಗಳು ಕೂತ ಜಾಗ. ಅವು ಕಿತ್ತರೆ ಯಾವ ವೈರು ಯಾವ ಪಿನ್ನಿಗೆ ಎಂದು ಹುಡುಕುವಷ್ಟು ತಲೆನೋವು ಬೇರೆ ಇಲ್ಲ.

ಮೊದಲು ಒಣ ಬ್ರಷ್, ಆಮೇಲೆ ಗಾಳಿ. ಮೇಲಿನಿಂದ ಕೆಳಕ್ಕೆ ಬನ್ನಿ, ತಳದ ಉಂಡೆಗಳನ್ನು ಕೊನೆಗೆ. ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳದೆ ಊದಬೇಡಿ. ಬ್ಲೋವರಿನ ಗಾಳಿಗೆ ಸಿಕ್ಕ ಫ್ಯಾನು ಗಿರಗಟ್ಟೆಯಂತೆ ತನ್ನ ಮಾಮೂಲಿ ವೇಗದ ಎಷ್ಟೋ ಪಟ್ಟು ತಿರುಗುತ್ತದೆ. ಆ ಸದ್ದು ಮಕ್ಕಳಿಗೆ ಖುಷಿ. ಹಾಗೆ ತಿರುಗುವ ಮೋಟಾರು ಡೈನಮೋ ಆಗಿ ಬೋರ್ಡಿಗೆ ತಿರುಗಿ ವೋಲ್ಟೇಜ್ ಕಳಿಸುತ್ತದೆ ಎನ್ನುವ ಭಯವನ್ನೇ ಎಲ್ಲರೂ ಮುಂದೆ ಮಾಡುತ್ತಾರೆ. ಅದು ಆಗದ ಮಾತೇನಲ್ಲ, ಆದರೆ ಹೆಚ್ಚಾಗಿ ಹಾಳಾಗುವುದು ಬೇರಿಂಗ್. ಅಂದು ಏನೂ ಗೊತ್ತಾಗುವುದಿಲ್ಲ, ಎರಡು ವಾರಕ್ಕೆ ಗೊರಗೊರ ಶುರುವಾಗುತ್ತದೆ. ಬೆರಳು ಹೋಗದ ಕಡೆ ತೆಂಗಿನ ಕಡ್ಡಿ ತೂರಿಸಿ ನಿಲ್ಲಿಸಿ. ಎಲೆಗಳ ಮುಂಚೂಣಿಯ ಅಂಚಿನಲ್ಲಿ ಗಟ್ಟಿಯಾಗಿ ಕೂತ ಧೂಳಿಗೆ ಐಪಿಎ ತಾಗಿಸಿದ ಇಯರ್ ಬಡ್. ಒಂದು ಎಲೆ ತೊಳೆದು ಇನ್ನೊಂದು ಬಿಟ್ಟರೆ ತೂಕ ಹೆಚ್ಚು ಕಡಿಮೆಯಾಗಿ ಫ್ಯಾನು ನಡುಗುತ್ತದೆ, ಮಾಡಿದರೆ ಎಲ್ಲಕ್ಕೂ ಮಾಡಿ.

ಹೀಟ್‌ಸಿಂಕಿಗೆ ಬಂದಾಗ ಗಾಳಿಯ ದಿಕ್ಕು ಮುಖ್ಯ. ಫ್ಯಾನು ಗಾಳಿಯನ್ನು ಯಾವ ಕಡೆಯಿಂದ ದೂಡುತ್ತದೋ ಧೂಳಿನ ಕಂಬಳಿ ಆ ಕಡೆಯ ಮುಖದಲ್ಲೇ ಇರುತ್ತದೆ. ಅದೇ ಕಡೆಯಿಂದ ಊದಿದರೆ ಅದು ಇನ್ನಷ್ಟು ಒಳಕ್ಕೆ ಹೋಗಿ ಗಿಡಿಯುತ್ತದೆ. ಎದುರು ಬದಿಯಿಂದ ಊದಿದರೆ ಹಾಗೇ ಕಳಚಿ ಬರುತ್ತದೆ. ಎತ್ತರದ ಗೋಪುರದಂಥ ಕೂಲರ್ (ಹೀಟ್‌ಸಿಂಕು, ಫ್ಯಾನು ಸೇರಿದ ಜೋಡಿ) ಆದರೆ ಫ್ಯಾನಿನ ತಂತಿ ಕ್ಲಿಪ್ ಬಿಡಿಸಿ ಫ್ಯಾನನ್ನೇ ಪಕ್ಕಕ್ಕಿಡಿ. ಇಂಟೆಲ್ ಜೊತೆಗೆ ಬರುವ ಗುಂಡಗಿನ ಕೂಲರಿಗೆ ಪಕ್ಕದಿಂದ, ರೆಕ್ಕೆಗಳ ಹೊರ ಅಂಚಿನಿಂದ ಒಳಕ್ಕೆ ಊದಿ. ಅಷ್ಟಕ್ಕೆ ಹೋದರೆ ಕೂಲರ್ ಬಿಚ್ಚಲೇಬೇಡಿ.

ಏಕೆಂದರೆ ಕೂಲರ್ ಎತ್ತಿದರೆ, ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಾಕಲೇಬೇಕು. ಎತ್ತಿ ‘ನೋಡಿ’ ಮತ್ತೆ ಅಲ್ಲೇ ಕೂರಿಸಿದರೆ ಹಳೆಯ ಪೇಸ್ಟಿನ ನಡುವೆ ಗಾಳಿಗುಳ್ಳೆ ಸೇರಿ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಧೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ, ಯಂತ್ರಕ್ಕೆ ನಾಲ್ಕೈದು ವರ್ಷವಾಗಿದ್ದರೆ ಮಾತ್ರ ಆ ಕೆಲಸಕ್ಕೆ ಇಳಿಯಿರಿ. ಇಂಟೆಲ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಗೂಟಗಳ ತಲೆಯ ಮೇಲೆ ಬಾಣ ಕೊರೆದಿರುತ್ತದೆ. ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಬಿಡುತ್ತದೆ. ಮರಳಿ ಕೂರಿಸುವ ಮುನ್ನ ಬಾಣದ ಎದುರು ದಿಕ್ಕಿಗೆ ತಿರುಗಿಸಿಟ್ಟು, ಮೂಲೆಯಿಂದ ಎದುರು ಮೂಲೆಗೆ ಎರಡೆರಡಾಗಿ ‘ಟಕ್’ ಎನ್ನುವಂತೆ ಒತ್ತಬೇಕು. ನಾಲ್ಕರಲ್ಲಿ ಒಂದು ಅರ್ಧ ಕೂತರೂ ಕೂಲರ್ ಓರೆ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಕೂರುವ ಚಿಪ್ಪುಗಳ ಹೊಟ್ಟೆಯಡಿ 1331 ಸೂಜಿಗಳಿವೆ. ಒಣಗಿದ ಪೇಸ್ಟು ಗೋಂದಿನಂತೆ ಹಿಡಿದು, ಕೂಲರ್ ಎತ್ತುವಾಗ ಚಿಪ್ಪೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಸೂಜಿ ಬಾಗುತ್ತದೆ. ಕೆಲಸಕ್ಕೆ ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗಾಗಿಸಿ, ಆರಿಸಿದ ಮೇಲೆ ಕೂಲರನ್ನು ಮೊದಲು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಸಡಿಲವಾದ ಮೇಲೆ ಎತ್ತಿ. ಹಳೆಯ ಪೇಸ್ಟನ್ನು ಐಪಿಎಯಿಂದ ಒರೆಸಿ, ನಡುವೆ ತೊಗರಿ ಕಾಳಿನಷ್ಟು ಹೊಸದು. ದೋಸೆಗೆ ಬೆಣ್ಣೆ ಸವರಿದಂತೆ ಬಳಿಯುವುದು ಬೇಡ, ಕೂಲರಿನ ಒತ್ತಡವೇ ಹರಡುತ್ತದೆ.

ಗ್ರಾಫಿಕ್ಸ್ ಕಾರ್ಡನ್ನು ಹೊರಗೆ ತೆಗೆದೇ ಊದುವುದು ವಾಸಿ. ಸ್ಲಾಟಿನ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕೊಂಡಿ ಇರುತ್ತದೆ. ಅದನ್ನು ಒತ್ತದೆ ಎಳೆದವರ ಸ್ಲಾಟೇ ಕಿತ್ತು ಬಂದದ್ದುಂಟು. ಹಾರ್ಡ್ ಡಿಸ್ಕಿನ ಮೇಲೆ ಒಂದು ಸೂಜಿ ರಂಧ್ರವಿದ್ದು, ಪಕ್ಕದಲ್ಲಿ ಇದನ್ನು ಮುಚ್ಚಬೇಡಿ ಎಂದು ಬರೆದಿರುತ್ತದೆ. ಅದು ಡಿಸ್ಕು ಉಸಿರಾಡುವ ಮೂಗು. ಅಲ್ಲಿಗೆ ಊದಬೇಡಿ, ಆಲ್ಕೋಹಾಲ್ ಹಚ್ಚಬೇಡಿ.

ರ್‍ಯಾಮ್ ಕಿತ್ತು ಪೆನ್ಸಿಲ್ ರಬ್ಬರಿನಿಂದ ಅದರ ಚಿನ್ನದ ಹಲ್ಲುಗಳನ್ನು ಉಜ್ಜುವುದು ನಮ್ಮ ಸರ್ವಿಸ್ ಅಂಗಡಿಗಳ ಸಾಂಪ್ರದಾಯಿಕ ವೈದ್ಯ. ಡಿಸ್‌ಪ್ಲೇ ಬರದೆ ಬೀಪ್ ಬೀಪ್ ಎನ್ನುವ ಯಂತ್ರ ಇದರಿಂದ ಎದ್ದು ಕೂರುವುದೂ ನಿಜ. ಆದರೆ ಅರ್ಧ ಪಾಲು ವಾಸಿಯಾಗುವುದು ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿದ್ದರಿಂದ. ಆ ಚಿನ್ನದ ಲೇಪ ಒಂದು ಮೈಕ್ರಾನಿಗಿಂತ ತೆಳು, ರಬ್ಬರು ಅದನ್ನು ಪ್ರತಿ ಸಲವೂ ಸವೆಸುತ್ತದೆ, ಉದುರಿದ ಪುಡಿ ಸ್ಲಾಟಿಗೆ ಇಳಿಯುತ್ತದೆ. ಐಪಿಎ ತಾಗಿಸಿದ ಹಳೆಯ ಮೆತ್ತನೆ ಪಂಚೆಯ ತುಂಡಿನಿಂದ ಎರಡು ಸಲ ಒರೆಸಿದರೆ ಅದೇ ಫಲ. ಮರಳಿ ಹಾಕುವಾಗ ಎರಡೂ ತುದಿಯ ಕೊಂಡಿ ತಾನಾಗಿ ಮುಚ್ಚಿಕೊಳ್ಳುವವರೆಗೆ ಒತ್ತಿ.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ: ಅದರ ನಾಲ್ಕು ಸ್ಕ್ರೂ ಬಿಚ್ಚಬೇಡಿ. ಒಳಗಿನ ದಪ್ಪ ಕೆಪ್ಯಾಸಿಟರಿನಲ್ಲಿ 230 ವೋಲ್ಟ್ ಎಸಿ ತಿದ್ದಿ ಬಂದ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ 400ರ ಹತ್ತಿರ. ಕೇಬಲ್ ಎಳೆದ ಮೇಲೆ ಅದು ಖಾಲಿಯಾಗಬೇಕೇನೋ ನಿಜ, ಖಾಲಿ ಮಾಡುವ ಪುಟ್ಟ ರೆಸಿಸ್ಟರ್ ಕೆಟ್ಟಿದ್ದರೆ ಗಂಟೆಗಟ್ಟಲೆ ಉಳಿಯುತ್ತದೆ. ಹೊರಗಿನಿಂದಲೇ, ಫ್ಯಾನನ್ನು ಜಾಲರಿಯ ಮೂಲಕ ತೆಂಗಿನ ಕಡ್ಡಿಯಿಂದ ತಡೆದು ಊದಿ. ಕಬ್ಬಿಣದ ಸೂಜಿ, ಸೈಕಲ್ ಕಡ್ಡಿ ಬೇಡ. ಫ್ಯಾನು ಗಾಳಿ ಎಳೆದುಕೊಳ್ಳುವ ಜಾತಿಯಾದರೆ ಹಿಂಬದಿಯ ತೂತುಗಳಿಂದ ಊದಿ, ಧೂಳು ಬಂದ ದಾರಿಯಲ್ಲೇ ವಾಪಸು ಹೋಗಲಿ. ಬೆಚ್ಚಗಿರುತ್ತದೆ ಎಂದು ಹಲ್ಲಿ ಒಳಗೆ ಸೇರಿ ಸತ್ತಿದ್ದರೆ ವಾಸನೆಯಿಂದಲೇ ಗೊತ್ತಾಗುತ್ತದೆ. ಅದನ್ನು ಕಡ್ಡಿಯಲ್ಲಿ ಎಳೆಯುವ ಸಾಹಸ ಬಿಟ್ಟು ರಿಪೇರಿಯವರ ಕೈಗೆ ಕೊಡಿ.

ಲ್ಯಾಪ್‌ಟಾಪಿಗೆ ಹೊರಗಿನಿಂದ ಊದುವುದು ಅರೆಬರೆ ಕೆಲಸ. ಅಲ್ಲಿ ಫ್ಯಾನು ಮತ್ತು ತಾಮ್ರದ ರೆಕ್ಕೆಗಳ ನಡುವೆ ಬೆರಳಗಲದ ಬೂದು ಪಟ್ಟಿಯೊಂದು ನೇಯ್ದುಕೊಂಡಿರುತ್ತದೆ. ಬಿಸಿಗಾಳಿ ಬರುವ ಕಿಂಡಿಯಿಂದ ಊದಿದರೆ ಆ ಪಟ್ಟಿ ಕಿತ್ತು ಹಿಂದಕ್ಕೆ, ಫ್ಯಾನಿನ ಎಲೆಗಳಿಗೇ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಮುಚ್ಚಳ ತೆಗೆಯಬೇಕು. ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಗೀಚಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದರ ಜಾಗದಲ್ಲೇ ಚುಚ್ಚಿಡಿ. ಉದ್ದ ಸ್ಕ್ರೂವನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಕೀಬೋರ್ಡಿನ ಪಕ್ಕ ಗುಳ್ಳೆ ಏಳುತ್ತದೆ, ಇಲ್ಲವೇ ಬೋರ್ಡಿಗೇ ತೂತು. ಅಂಚು ಬಿಡಿಸಲು ಹಳೆಯ ಪ್ಲಾಸ್ಟಿಕ್ ಕಾರ್ಡು, ಸ್ಕ್ರೂಡ್ರೈವರ್ ಅಲ್ಲ. ಮುಚ್ಚಳ ತೆಗೆದೊಡನೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಬ್ಯಾಟರಿ ಉಬ್ಬಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ, ಅದನ್ನು ಒತ್ತುವುದೂ ಚುಚ್ಚುವುದೂ ಬೆಂಕಿಗೆ ದಾರಿ. ಉಳಿದಂತೆ ಫ್ಯಾನಿನ ಎರಡು ಮೂರು ಸ್ಕ್ರೂ ತೆಗೆದು, ಆ ಪಟ್ಟಿಯನ್ನು ಚಿಮಟದಿಂದ ಹಿಡಿದರೆ ಇಡಿಯಾಗಿ ಸುಲಿದು ಬರುತ್ತದೆ. ಇಷ್ಟು ಚಿಕ್ಕದು ಇಷ್ಟು ಬಿಸಿ ಮಾಡುತ್ತಿತ್ತೇ ಎನ್ನಿಸುತ್ತದೆ.

ನಮ್ಮ ಕಂಪ್ಯೂಟರುಗಳು ವರ್ಷಕ್ಕೊಮ್ಮೆ ತಪ್ಪದೆ ಸ್ವಚ್ಛವಾಗುವ ದಿನ ಆಯುಧ ಪೂಜೆ. ಒಳ್ಳೆಯದೇ, ಆದರೆ ಆ ದಿನವೇ ಹೊಸ ತೊಂದರೆಯೂ ಒಳಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸುತ್ತಾರೆ, ನೀರು ಮುಂದಿನ ಜಾಲರಿಯಿಂದ ಇಳಿಯುತ್ತದೆ. ಆಮೇಲೆ ಅರಿಶಿನ, ಕುಂಕುಮವನ್ನು ಸರಿಯಾಗಿ ಡಬ್ಬಿಯ ಮುಖಕ್ಕೆ, ಅಂದರೆ ಗಾಳಿ ಎಳೆದುಕೊಳ್ಳುವ ಬಾಯಿಗೇ ಹಚ್ಚುತ್ತಾರೆ. ಆನ್ ಮಾಡಿದೊಡನೆ ಒಣಗಿದ ಕುಂಕುಮ ಒಳಗೆ. ಕರ್ಪೂರದ ಮಸಿ, ಅಗರಬತ್ತಿಯ ಹೊಗೆ ಅದರ ಹಿಂದೆ. ಗಂಧ-ಕುಂಕುಮವನ್ನು ಜಾಲರಿಯಿಲ್ಲದ ಪಕ್ಕದ ತಗಡಿಗೆ ಹಚ್ಚಿ, ಮಂಗಳಾರತಿ ಮುಗಿದು ಹೊಗೆ ಆರುವವರೆಗೆ ಯಂತ್ರವನ್ನು ಆಫ್ ಮಾಡಿಟ್ಟರೆ ದೇವಿಗೂ ಬೇಸರವಿಲ್ಲ, ಫ್ಯಾನಿಗೂ ಇಲ್ಲ.

ಉಳಿದ ದಿನಗಳಿಗೆ ಮುಖ್ಯವಾದ ಎಚ್ಚರ ಒಂದೇ: ಡಬ್ಬಿಯನ್ನು ನೆಲದಿಂದ ಎತ್ತಿ. ಕಸ ಗುಡಿಸುವಾಗ ಏಳುವ ಧೂಳೆಲ್ಲ ಮೊದಲ ಒಂದಡಿಯಲ್ಲೇ. ಒಂದು ಸ್ಟೂಲಿನ ಮೇಲಿಟ್ಟರೆ ಅರ್ಧ ಕೆಲಸ ಮುಗಿಯಿತು. ಮುಂದಿನ ಜಾಲರಿ ಫಿಲ್ಟರನ್ನು ತಿಂಗಳಿಗೊಮ್ಮೆ ನಲ್ಲಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಬಟ್ಟೆ ಹೊದಿಸುವ ಹಳೆಯ ಕಚೇರಿ ಪದ್ಧತಿ ಯಂತ್ರ ಆರಿದ್ದಾಗ ಸರಿ, ಓಡುವಾಗ ಅದು ಉಸಿರು ಕಟ್ಟಿಸುತ್ತದೆ. ಒಳಗಿನ ಕೆಲಸಕ್ಕೆ ಸಾಮಾನ್ಯ ಮನೆಯಲ್ಲಿ ವರ್ಷಕ್ಕೊಮ್ಮೆ ಸಾಕು, ರಸ್ತೆ ಬದಿಯ ಅಂಗಡಿಗೆ ಮೂರು ತಿಂಗಳಿಗೊಮ್ಮೆ.

ಮಾಡಿದ ಕೆಲಸ ಫಲ ಕೊಟ್ಟಿತೋ ಎಂದು ತಿಳಿಯಲು ಕಣ್ಣನ್ನು ನಂಬಬೇಡಿ. ಕೆಲಸಕ್ಕೆ ಮೊದಲು ಒಂದು ಭಾರವಾದ ಕೆಲಸ ಕೊಟ್ಟು ಹದಿನೈದು ನಿಮಿಷದ ನಂತರ ಪ್ರೊಸೆಸರಿನ ಉಷ್ಣತೆ ಬರೆದುಕೊಳ್ಳಿ, ಕೋಣೆಯ ಉಷ್ಣತೆಯನ್ನೂ. ಮುಗಿದ ಮೇಲೆ ಅದೇ ಕೆಲಸ, ಅದೇ ಹದಿನೈದು ನಿಮಿಷ. ಪ್ರೊಸೆಸರಿನ ಮತ್ತು ಕೋಣೆಯ ಉಷ್ಣತೆಗಳ ನಡುವಿನ ಅಂತರವನ್ನು ಮೊದಲಿನದಕ್ಕೆ ಹೋಲಿಸಬೇಕು. ಮಧ್ಯಾಹ್ನ 34 ಡಿಗ್ರಿ ಕೋಣೆಯಲ್ಲಿ ಅಳೆದದ್ದನ್ನು ರಾತ್ರಿ 26 ಡಿಗ್ರಿಯಲ್ಲಿ ಅಳೆದದ್ದರ ಜೊತೆ ಇಟ್ಟರೆ ಧೂಳು ತೆಗೆಯದೆಯೇ 8 ಡಿಗ್ರಿ ‘ಇಳಿದಿರುತ್ತದೆ’.

ಜೋಡಿಸಿ ಆನ್ ಮಾಡಿದಾಗ ಏನೂ ಬರದಿದ್ದರೆ ಗಾಬರಿ ಬೇಡ, ಹೆಚ್ಚಿನ ಸಲ ಕಾರಣ ಕೈಗೆ ಸಿಗುವಂಥದ್ದೇ. ಫ್ಯಾನು ತಿರುಗಿ ಡಿಸ್‌ಪ್ಲೇ ಇಲ್ಲವೆಂದರೆ ರ್‍ಯಾಮ್ ಪೂರ್ತಿ ಕೂತಿಲ್ಲ, ಇಲ್ಲವೇ ಮಾನಿಟರ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಚುಚ್ಚಿದ್ದೀರಿ. ಏನೂ ಅಲುಗದಿದ್ದರೆ 24 ಪಿನ್ನಿನ ದಪ್ಪ ಕನೆಕ್ಟರ್, ಎಸ್‌ಎಂಪಿಎಸ್ ಹಿಂದಿನ ಸ್ವಿಚ್, ಪವರ್ ಬಟನ್ನಿನ ಆ ತೆಳು ವೈರು. ‘ಸಿಪಿಯು ಫ್ಯಾನ್ ಎರರ್’ ಎಂದರೆ ಫ್ಯಾನಿನ ನಾಲ್ಕು ಪಿನ್ನಿನ ವೈರು ಬೇರೆ ಜಾಗಕ್ಕೆ ಹೋಗಿದೆ. ಟರ್‌ರ್ ಎಂದು ಸದ್ದು ಬಂದರೆ ಯಾವುದೋ ವೈರು ಎಲೆಗೆ ತಾಗುತ್ತಿದೆ.

ಕೆಲವು ದಿನಗಳ ನಂತರ ಬೆಳಗಿನ ಹೊತ್ತು ಮಾತ್ರ ಗೊರಗುಟ್ಟಿ, ಬಿಸಿಯಾದ ಮೇಲೆ ಸುಮ್ಮನಾಗುವ ಫ್ಯಾನಿನ ಬೇರಿಂಗ್ ಒಣಗಿದೆ ಎಂದರ್ಥ. ಅದರ ನಡುವಿನ ಸ್ಟಿಕರ್ ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ ಬಿಟ್ಟರೆ ಸ್ಲೀವ್ ಬೇರಿಂಗಿನ (ಗುಂಡುಗಳಿಲ್ಲದ, ಕೊಳವೆಯಂಥ ಬೇರಿಂಗಿನ) ಫ್ಯಾನು ಇನ್ನೂ ಕೆಲವು ತಿಂಗಳು ಓಡುತ್ತದೆ. ಎರಡನೆಯ ಹನಿ ಹೊರಗೆ ಸಿಡಿದು ಎಲೆಗಳಿಗೆ ಅಂಟುತ್ತದೆ, ಧೂಳು ಅಲ್ಲಿಂದ ಮತ್ತೆ ಶುರು. ಕೊಬ್ಬರಿ ಎಣ್ಣೆಯಂತೂ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಹಾಕಬೇಡಿ. ಆ ಕೆಲವು ತಿಂಗಳೊಳಗೆ ಅದೇ ಅಳತೆಯ ಹೊಸ ಫ್ಯಾನು ತಂದಿಟ್ಟುಕೊಳ್ಳಿ. ಹಳೆಯದರ ಮೇಲೆ ಅಚ್ಚಾದ ವೋಲ್ಟನ್ನೂ ವೈರಿನ ತುದಿಯ ಪಿನ್ನುಗಳನ್ನೂ ಅಂಗಡಿಗೆ ಹೋಗುವ ಮೊದಲು ಎಣಿಸಿಕೊಂಡಿರಿ.